ವಾರ್ನ್‌ಗೆ ಇಟ್ಟ ಎಡೆ

ಆಸ್ಟ್ರೇಲಿಯಾದ ಸ್ಪಿನ್ ಬೌಲರ್ ಶೇನ್ ವಾರ್ನ್ ತೀರಿಕೊಂಡ ವಾರ ಮೆಲ್ಬರ್ನ್‌ನ ಎಂಸಿಜಿ ಕ್ರಿಕೆಟ್ ಮೈದಾನದ ಮುಂದಿರುವ ಅವನ ಪ್ರತಿಮೆ ಹತ್ತಿರ ಹೋಗಿದ್ದೆ. 2022ರ ಮಾರ್ಚ್ 4ರಂದು ಥಾಯ್ಲೆಂಡ್‌ನಲ್ಲಿ ಹೋಗಿಬಿಟ್ಟ. ಬರೀ 52 ವರ್ಷ. ಪ್ರತಿಮೆಯ ಕಾಲ ಬುಡದಲ್ಲಿ ಹೂವಿನ ರಾಶಿ ಇತ್ತು. ಹೂವಿನ ಮಧ್ಯೆ ಬಿಯರ್ ಕ್ಯಾನು, ಸಿಗರೇಟು, ಮಾಂಸದ ಪೈ, ಬೇಕ್ಡ್ ಬೀನ್ಸ್ ಡಬ್ಬಿ! 1998ರ ಭಾರತ ಪ್ರವಾಸದಲ್ಲಿ ನಮ್ಮ ಊಟ ಸೇರದೆ ಅವನಿಗೆ ಆಸ್ಟ್ರೇಲಿಯಾದಿಂದ ಬೀನ್ಸ್ ಡಬ್ಬಿಗಳು ಬಂದಿದ್ದವಲ್ಲ, ಅದನ್ನು ಇಲ್ಲಿಯವರು ಮರೆತಿರಲಿಲ್ಲ.

ಜೊತೆಗೆ ಬಂದಿದ್ದ ಗೆಳೆಯ, ಅವನೂ ಕನ್ನಡದವನೇ, "ಸತ್ತವರ ಮುಂದೆ ಬಿಯರ್ ಇಡೋದಾ, ಥೂ" ಅಂದ. ನನಗೆ ನಗು ಬಂತು. ಮಂಡ್ಯ ಕಡೆಯ ನಮ್ಮೂರಲ್ಲಿ ಪಿತೃಪಕ್ಷಕ್ಕೆ ತಾತನಿಗೆ ಇಡುತ್ತಿದ್ದ ಎಡೆ ನೆನಪಾಯಿತು. ಬಾಳೆ ಎಲೆ ಮೇಲೆ ಮುದ್ದೆ, ಮಟನ್ ಸಾರು, ಕಜ್ಜಾಯ. ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ, ಒಂದು ಕ್ವಾರ್ಟರ್. ತಾತ ಇದ್ದಷ್ಟು ದಿನ ಬೀಡಿ ಹೊಗೆಗೆ ಬೈದುಕೊಂಡೇ ಇದ್ದ ಅಜ್ಜಿ, ಎಡೆಗೆ ಮಾತ್ರ ಅವರು ಸೇದುತ್ತಿದ್ದ ಬೀಡಿಯೇ ಬೇಕು ಅಂತ ನನ್ನನ್ನು ಎರಡೆರಡು ಸಲ ಅಂಗಡಿಗೆ ಓಡಿಸಿದ್ದರು.

ಅದೇ ಊರಿನ ಮನೆ ಬಿಟ್ಟು ಬೆಂಗಳೂರಿನ ಬೀದಿಗೆ ಬಂದರೆ ಕಥೆ ಬೇರೆ. ವಾರ್ನ್ ಹೋಗುವ ನಾಲ್ಕು ತಿಂಗಳ ಮೊದಲಷ್ಟೇ ಪುನೀತ್ ರಾಜ್‌ಕುಮಾರ್ ಹೋದಾಗ ಅಲ್ಲಿ ಬ್ರಾಂಡಿ ಅಂಗಡಿಗಳನ್ನು ಮುಚ್ಚಿಸಿದ್ದರು. 2006ರಲ್ಲಿ ಅಣ್ಣಾವ್ರು ಹೋದಾಗ ಆದ ಗಲಾಟೆ, ಹೋದ ಜೀವಗಳು ಯಾರಿಗೆ ನೆನಪಿಲ್ಲ? ದುಃಖಕ್ಕೂ ಪೊಲೀಸ್ ಬಂದೋಬಸ್ತ್ ಬೇಕಾಗುತ್ತದೆ ನಮ್ಮಲ್ಲಿ.

ಇಲ್ಲಿ ಮಾರ್ಚ್ 30ರ ಸಂಜೆ ಎಂಸಿಜಿಯಲ್ಲಿ 50 ಸಾವಿರಕ್ಕೂ ಜಾಸ್ತಿ ಜನ ಸೇರಿದರು. ನಾನು ಟಿವಿಯಲ್ಲಿ ನೋಡಿದೆ. ಅವನ ಜೊತೆ ಆಡಿದ್ದ ಅಲನ್ ಬಾರ್ಡರ್, ಮರ್ವ್ ಹ್ಯೂಸ್ ಎಲ್ಲ ಸಾಲಾಗಿ ಕೂತು ಹಳೇ ಕಥೆ ಹೇಳಿದರು, ಜನ ನಕ್ಕರು. ಟೆಸ್ಟ್‌ನಲ್ಲಿ 708 ವಿಕೆಟ್ ತೆಗೆದವನನ್ನು ದೇವರು ಮಾಡಲಿಲ್ಲ. ಅದು ನನಗೆ ಹಿಡಿಸಿತು. ನಮ್ಮಲ್ಲಾದರೆ ಉಸಿರು ನಿಂತ ಗಳಿಗೆಯಿಂದ ಮನುಷ್ಯನ ಒಂದು ತಪ್ಪೂ ಬಾಯಿಗೆ ಬರುವ ಹಾಗಿಲ್ಲ.

ಒಂದು ಮಾತ್ರ ಒಗ್ಗಲಿಲ್ಲ. ಅಂತ್ಯಕ್ರಿಯೆ ಹತ್ತು ದಿನ ಮೊದಲೇ ಮುಗಿದಿತ್ತು, ಮನೆಯವರು, ಆಪ್ತರು ಅಷ್ಟೇ. ಊರಿನವರಿಗೆ ಮುಖ ನೋಡಲು ಸಿಗಲಿಲ್ಲ. ಕಂಠೀರವ ಸ್ಟೇಡಿಯಂನಲ್ಲಿ ಅಪ್ಪು ಮುಖ ನೋಡೋಕೆ ರಾತ್ರಿಯೆಲ್ಲ ಕ್ಯೂ ನಿಂತ ಜನರಿಗೆ ಇದನ್ನು ಹೇಗೆ ಹೇಳಲಿ? ಮನೆಯವರ ಹಕ್ಕು, ಸರಿ. ಆದರೂ ಸತ್ತವರ ಮುಖ ನೋಡದೆ, ಅವರು ಹೋದರು ಅಂತ ನಂಬೋದು ನಮ್ಮಂಥವರಿಗೆ ಕಷ್ಟ, ಅಲ್ವಾ?

ನನ್ನ ಮಗಳಿಗೆ ವಾರ್ನ್ ಅಂದರೆ ಬೌಲರ್ ಅಲ್ಲ, ಡಿಸೆಂಬರ್ ಬೇಸಿಗೆಯಲ್ಲಿ ಟಿವಿಯಿಂದ ಬರುವ ಒಂದು ದನಿ. ಮುಂದಿನ ಬಾಲ್ ಎಲ್ಲಿ ಬೀಳಬೇಕು ಅಂತ ಮೊದಲೇ ಹೇಳುತ್ತಿದ್ದ ದನಿ. ಪ್ರತಿಮೆ ಮುಂದೆ ಅವಳು, "ಅಪ್ಪಾ, ಇದನ್ನೆಲ್ಲ ಯಾರು ತಿಂತಾರೆ?" ಅಂದಳು. ಊರಲ್ಲಾದರೆ ಕಾಗೆ ಅನ್ನುತ್ತಿದ್ದೆ. ಅಷ್ಟರಲ್ಲಿ ಒಂದು ಸೀಗಲ್ ಬಂದು ಪೈ ಅಂಚಿಗೆ ಕೊಕ್ಕು ಹಾಕಿತು. ಗೆಳೆಯ ಓಡಿಸಲು ಕೈ ಎತ್ತಿದ. ನಾನೇ ತಡೆದೆ.