ತಲೆಗೆ ಬಿದ್ದ ಪೆಟ್ಟನ್ನು ಸೊಕ್ಕು ಅನ್ನಬೇಡಿ

ನಾನಿರುವ ಬಾಸ್ಟನ್‌ನಲ್ಲಿ, ಹಾರ್ವರ್ಡ್ ವೈದ್ಯಕೀಯ ಕಾಲೇಜಿನ ಸಂಗ್ರಹದಲ್ಲಿ, ಫಿನಿಯಸ್ ಗೇಜ್ ಎಂಬಾತನ ತಲೆಬುರುಡೆ ಇದೆ. ರೈಲು ಹಳಿಯ ಕೆಲಸದ ಮೇಸ್ತ್ರಿ ಆತ. 1848ರಲ್ಲಿ ವರ್ಮಾಂಟ್‌ನಲ್ಲಿ ಬಂಡೆ ಸಿಡಿಸಲು ಮದ್ದು ತುಂಬುವಾಗ ಮೂರೂವರೆ ಅಡಿಗೂ ಉದ್ದದ ಕಬ್ಬಿಣದ ಸಲಾಕೆ ಎಡಗೆನ್ನೆಗೆ ನುಗ್ಗಿ ನೆತ್ತಿಯಿಂದ ಹೊರಬಿತ್ತು. ಆತ ಉಳಿದುಕೊಂಡ. ಆದರೆ ಮೊದಲಿನ ಗೇಜ್ ಉಳಿಯಲಿಲ್ಲ. ಕೆಟ್ಟದಾಗಿ ಬೈಯುತ್ತಿದ್ದ, ಹಿಡಿದ ಕೆಲಸ ಮುಗಿಸುತ್ತಿರಲಿಲ್ಲ ಎಂದು ಆತನಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ್ ಹಾರ್ಲೋ ಬರೆದಿಟ್ಟಿದ್ದಾರೆ.

ಹಣೆಯ ಹಿಂದಿನ ಮಿದುಳಿಗೆ ಪೆಟ್ಟಾದರೆ ಹೀಗಾಗಬಹುದು. ಸಿಟ್ಟು ತಡೆಯುವುದು, ಮುಂದಿನದನ್ನು ಯೋಚಿಸುವುದು, ಕೆಲಸಕ್ಕೆ ಕೈಹಾಕುವುದು, ಇದಕ್ಕೆಲ್ಲ ಆ ಭಾಗ ಬೇಕು. ಕೈಕಾಲು, ಮಾತು ನೆಟ್ಟಗಿರುವುದರಿಂದ ಕಾಯಿಲೆ ಅಂತ ಯಾರೂ ನಂಬುವುದಿಲ್ಲ.

ದಾವಣಗೆರೆಯ ನಮ್ಮ ಚಿಕ್ಕಪ್ಪ ಬೈಕಿನಿಂದ ಬಿದ್ದರು. ಆಸ್ಪತ್ರೆಯವರು ಹೊಲಿಗೆ ಬಿಚ್ಚಿ, ಮಾತ್ರೆ ಬರೆದುಕೊಟ್ಟು ಮನೆಗೆ ಕಳಿಸಿದರು. ಆಮೇಲೆ ಶುರುವಾಯಿತು. ಸಾರಿಗೆ ಉಪ್ಪು ಕಮ್ಮಿಯಾದರೆ ತಟ್ಟೆ ಎಸೆಯುತ್ತಿದ್ದರು. ಮಧ್ಯಾಹ್ನವಾದರೂ ಸ್ನಾನಕ್ಕೆ ಏಳುತ್ತಿರಲಿಲ್ಲ. ಸೊಕ್ಕು ಅಂದರು, ಸೋಮಾರಿ ಅಂದರು, ಗಾಳಿ ಸೋಕಿದೆ ಅಂತ ತಾಯಿತವನ್ನೂ ಕಟ್ಟಿಸಿದರು. "ನೀನೇ ಸಲಿಗೆ ಕೊಟ್ಟು ಕೆಡಿಸಿದ್ದು" ಅಂತ ಚಿಕ್ಕಮ್ಮನಿಗೂ ಬೈಗುಳ. ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದಾಗಲೇ ಇದು ಪೆಟ್ಟಿನ ಫಲ ಅಂತ ಮನೆಯವರಿಗೆ ತಿಳಿದದ್ದು.

ಇಲ್ಲಿ ಬಾಸ್ಟನ್‌ನಲ್ಲಿ ನಮ್ಮ ಪಕ್ಕದ ಮನೆಯವರಿಗೂ ತಲೆಗೆ ಏಟಾಗಿತ್ತು. ಅವರನ್ನು ಮನೆಗೆ ಕಳಿಸುವ ಮೊದಲೇ ಆಸ್ಪತ್ರೆಯವರು ಹೆಂಡತಿಯನ್ನು ಕೂರಿಸಿಕೊಂಡು, ಸ್ವಭಾವ ಬದಲಾಗಬಹುದು, ಆಗ ಹೀಗೆ ಮಾಡಿ ಅಂತ ಹೇಳಿಕೊಟ್ಟರು. ಥೆರಪಿಸ್ಟ್ ಬಂದು ಅಡುಗೆಮನೆಯ ಗೋಡೆಗೆ ಚೀಟಿ ಅಂಟಿಸಿದರು: ನೀರಿಡಿ, ಒಲೆ ಹಚ್ಚಿ, ಪುಡಿ ಹಾಕಿ, ಒಲೆ ಆರಿಸಿ. ಈ ಪದ್ಧತಿ ನನಗೆ ತುಂಬ ಹಿಡಿಸಿತು. ಆದರೆ ವಿಮೆಯ ಮಿತಿ ಮುಗಿದ ಮೇಲೆ ಥೆರಪಿಸ್ಟ್ ಬರುವುದು ನಿಂತಿತು. ಹೆಂಡತಿ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಅವರು ಒಬ್ಬರೇ. ಬಾಗಿಲು ತಟ್ಟುವವರಿಲ್ಲ.

ಗೇಜ್ ಆಮೇಲೆ ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ. ದಿನಾ ಅದೇ ಹೊತ್ತು, ಅದೇ ದಾರಿ, ಅದೇ ಕೆಲಸ. ಇದರಿಂದಲೇ ಆತ ಬಹಳಷ್ಟು ಸುಧಾರಿಸಿರಬೇಕು ಅಂತ ಈಚಿನ ಸಂಶೋಧಕರು ಹೇಳುತ್ತಾರೆ. ಅಂಥ ದಿನಚರಿ ಕಟ್ಟಿಕೊಡಲು ಜನ ಬೇಕು, ಅಲ್ವಾ? ನಮ್ಮ ಮನೆಗಳಲ್ಲಿ ಇನ್ನೂ ಜನ ಇದ್ದಾರೆ. ಈಗ ಚಿಕ್ಕಪ್ಪ ಬೆಳಗ್ಗೆ ಹಾಲು ತರುತ್ತಾರೆ, ಹತ್ತಕ್ಕೆ ತಮ್ಮನ ಅಂಗಡಿಯಲ್ಲಿ ಕೂರುತ್ತಾರೆ. ಸಿಟ್ಟು ಪೂರ್ತಿ ಹೋಗಿಲ್ಲ, ಆದರೆ ಅದಕ್ಕೆ ಯಾರೂ ತಿರುಗಿ ಬೈಯುವುದಿಲ್ಲ. ನಮ್ಮ ಆಸ್ಪತ್ರೆಗಳು ಡಿಸ್ಚಾರ್ಜ್ ದಿನವೇ ಇಷ್ಟನ್ನು ಕನ್ನಡದಲ್ಲಿ, ಒಂದು ಹಾಳೆಯಲ್ಲಿ ಬರೆದು ಮನೆಯವರ ಕೈಗೆ ಕೊಡಬೇಕು.