ಸ್ಪಷ್ಟನೆ: ಕಿಲ್ಟ್ ಪಿನ್ ಎರಡು ಪದರಕ್ಕಲ್ಲ
ಸ್ಕಾಟ್ಲೆಂಡ್‌ನ ಗಂಡಸರು ಉಡುವ, ಮೊಣಕಾಲವರೆಗೆ ಬರುವ ಲಂಗದಂಥ ಕಿಲ್ಟ್ ಗಾಳಿಗೆ ಹಾರಬಾರದು ಅಂತ ಮುಂದಿನ ಎರಡು ಪದರಗಳನ್ನೂ ಸೇರಿಸಿ ಪಿನ್ ಹಾಕುತ್ತಾರೆ ಎಂಬ ಮಾತು ಓಡಾಡುತ್ತಿದೆ. ಇದು ಸರಿಯಲ್ಲ.

ಪಿನ್ ಹಾಕುವುದು ಮೇಲಿನ ಪದರಕ್ಕೆ ಮಾತ್ರ, ಬಲಗಡೆ ಕೆಳ ಮೂಲೆಯಲ್ಲಿ. ಎರಡನ್ನೂ ಸೇರಿಸಿ ಚುಚ್ಚಿದರೆ ನಡೆಯುವಾಗ, ಕೂರುವಾಗ ಪದರಗಳು ಒಂದನ್ನೊಂದು ಎಳೆಯುತ್ತವೆ. ಬಟ್ಟೆ ಹರಿಯಬಹುದು. ಒಳ್ಳೆಯ ಕಿಲ್ಟ್ ಅಗ್ಗದ್ದಲ್ಲ, ಸುಮ್ನೆ ಹಾಳು ಮಾಡಿಕೊಳ್ಳುವುದು ಯಾಕೆ? ಪಿನ್‌ನ ಭಾರ ಆ ಮೂಲೆಯನ್ನು ಸ್ವಲ್ಪ ಕೆಳಗೆ ಹಿಡಿಯುತ್ತದೆ ನಿಜ. ಉಳಿದದ್ದು ಅಲಂಕಾರ.

ಹಾಗಾದರೆ ಗಾಳಿಯನ್ನು ತಡೆಯುವುದು ಯಾವುದು? ಮುಖ್ಯವಾಗಿ ಬಟ್ಟೆಯ ತೂಕ. ಸಾಂಪ್ರದಾಯಿಕ ಕಿಲ್ಟ್‌ಗೆ ಸುಮಾರು 8 ಗಜ ದಪ್ಪ ಉಣ್ಣೆ ಬಟ್ಟೆ ಬೇಕು. ಉದ್ದದಲ್ಲಿ ಇದು ನಮ್ಮ ಮಾಮೂಲಿ ಸೀರೆಗಿಂತ ಜಾಸ್ತಿ! ಅದರಲ್ಲಿ ಹೆಚ್ಚಿನ ಭಾಗ ಹಿಂದೆ ನೆರಿಗೆಯಾಗಿ ಸೇರುತ್ತದೆ. ಮುಂದೆ ಎರಡು ಪದರ ಒಂದರ ಮೇಲೊಂದು ಬರುತ್ತವೆ, ಅವುಗಳ ಮೇಲೆ ಸ್ಪೋರನ್ ಎಂಬ ಚೀಲ ತೂಗುತ್ತದೆ. ಸೊಂಟದ ಹತ್ತಿರ ಬಿಗಿಯಾಗಿ ಹಿಡಿಯುವುದು ಚರ್ಮದ ಪಟ್ಟಿ ಮತ್ತು ಬಕಲ್, ಪಿನ್ ಅಲ್ಲ. ಹಾಗಂತ ಜೋರು ಗಾಳಿಗೆ ಕಿಲ್ಟ್ ಏಳುವುದೇ ಇಲ್ಲ ಅಂತಲ್ಲ. ಹಿಂದಿನ ನೆರಿಗೆಗಳು ಏಳಬಹುದು. ತೆಳು ಪಾಲಿಯೆಸ್ಟರ್ ಕಿಲ್ಟ್ ಆದರೆ ಇನ್ನೂ ಸುಲಭ.

ಒಳಗೆ ಏನೂ ಹಾಕಬಾರದು ಎಂಬ ನಿಯಮವೂ ಇದೆಯಂತೆ, ಅಲ್ವಾ? ಅಂಥ ಕಡ್ಡಾಯ ಏನಿಲ್ಲ. ಸ್ಕಾಟ್ಲೆಂಡ್‌ನ ಸಾಂಪ್ರದಾಯಿಕ ಹೈಲ್ಯಾಂಡ್ ನೃತ್ಯ ಮಾಡುವವರು ಒಳಉಡುಪು ಹಾಕಿಕೊಂಡೇ ವೇದಿಕೆ ಹತ್ತುತ್ತಾರೆ.