ಒಳ್ಳೆಯ ಪ್ರಶ್ನೆ, ಊಟದ ಹೊತ್ತಿಗೆ ಕೇಳಿ

ವಿಶ್ವವಿದ್ಯಾಲಯದ ವಿಚಾರ ಸಂಕಿರಣಗಳಿಂದ ಯಾರಿಗೂ ಉಪಯೋಗವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರು ಶಿವಮೊಗ್ಗದ ಫ್ಲೆಕ್ಸ್ ಅಂಗಡಿಯವರನ್ನು ಮಾತಾಡಿಸಿಲ್ಲ, ಅಷ್ಟೇ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಮೈಕು, ಶಾಮಿಯಾನ, ಅಡುಗೆಯವರು, ಫೋಟೊ ತೆಗೆಯುವವರು. ಎಷ್ಟು ಮನೆಯ ಒಲೆ ಉರಿಯುತ್ತದೆ ನೋಡಿ. ನಾಲ್ಕು ಜನ ಒಂದು ವಿಷಯದ ಮೇಲೆ ಮಾತಾಡಿದರೆ ಇಷ್ಟು ಜನರಿಗೆ ಕೆಲಸ ಸಿಗುತ್ತದೆ. ಹಾಗಿರುವಾಗ ಆ ನಾಲ್ಕು ಜನ ಏನು ಮಾತಾಡಿದರು ಎಂದು ಕೇಳುವುದು ಸಣ್ಣತನ ಅಲ್ವಾ?

ಇನ್ನು ಸಂಕಿರಣದ ಮಟ್ಟ. ಅದನ್ನು ತೀರ್ಮಾನಿಸುವುದು ಭಾಷಣವಲ್ಲ, ಬ್ಯಾನರು. ಮೇಷ್ಟ್ರುಗಳ ನೇಮಕ, ಬಡ್ತಿಗೆ ಅಂಕ ಹಾಕುವ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮಾವಳಿಯಲ್ಲಿ ಲೆಕ್ಕ ಪಕ್ಕಾ ಇದೆ. ಮೇಷ್ಟ್ರು ಪ್ರಬಂಧ ಮಂಡಿಸಿದ್ದು ರಾಜ್ಯ ಅಥವಾ ವಿಶ್ವವಿದ್ಯಾಲಯ ಮಟ್ಟದಲ್ಲಾದರೆ 2 ಅಂಕ. ರಾಷ್ಟ್ರೀಯವಾದರೆ 3. ದೇಶದೊಳಗೇ ನಡೆದ ಅಂತಾರಾಷ್ಟ್ರೀಯವಾದರೆ 5. ಪರದೇಶಕ್ಕೇ ಹೋಗಿ ಓದಿ ಬಂದರೆ 7. ಅದೇ ಪ್ರಬಂಧ, ಅದೇ ಸಭಾಂಗಣ, ಅದೇ ಕಿರುಗುಟ್ಟುವ ಫ್ಯಾನು. ಬ್ಯಾನರಿನಲ್ಲಿ ಒಂದು ಪದ ಬದಲಾಯಿಸಿದರೆ 2 ಇದ್ದದ್ದು 5. ಅಡಿಕೆ ರೇಟು ಕೂಡ ಇಷ್ಟು ಸಲೀಸಾಗಿ ಏರಿದ್ದನ್ನು ನಮ್ಮ ಕಡೆ ಯಾರೂ ಕಂಡಿಲ್ಲ.

ಅಂತಾರಾಷ್ಟ್ರೀಯ ಎಂದ ಮೇಲೆ ಹೊರದೇಶದವರು ಬೇಕಲ್ಲ? ಅದಕ್ಕೇ ಜೂಮ್ ಇರುವುದು. ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಅಮೆರಿಕದಲ್ಲಿ ಎಲ್ಲೋ ಕೆಲಸದಲ್ಲಿರುತ್ತಾನೆ. ಅವನಿಗೆ ಆಗ ಮಧ್ಯರಾತ್ರಿ. ಕಣ್ಣುಜ್ಜಿಕೊಂಡು ಪರದೆಯ ಮೇಲೆ ಬಂದು, 'ನನ್ನ ಧ್ವನಿ ಕೇಳಿಸ್ತಿದೆಯಾ?' ಎನ್ನುತ್ತಾನೆ. ಇಲ್ಲಿಂದ, 'ಕೇಳಿಸ್ತಿದೆ ಸಾರ್, ನಮ್ದು ನಿಮಗೆ ಕೇಳಿಸ್ತಿದೆಯಾ?' ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಮಳೆಗಾಲವಾದರೆ ಅದು ಸಂಜೆಗೇ ಬರುವುದು. ಆದರೇನು, ಸಂಕಿರಣ ಅಂತಾರಾಷ್ಟ್ರೀಯ ಆಗಿಹೋಯಿತು.

ಈಚೆಗೆ ಇಂಥದ್ದೊಂದಕ್ಕೆ ಹೋಗಿದ್ದೆ. ಎಲ್ಲಿ ಎಂದು ಕೇಳಬೇಡಿ. ನೀವೂ ಹೋಗಿರುತ್ತೀರಿ, ಊರು ಬೇರೆ ಇರಬಹುದು. ವಿಷಯ ಮಾತ್ರ ಬಹಳ ಚೆನ್ನಾಗಿತ್ತು: ಮಂಗನ ಕಾಯಿಲೆ. ಇದು ನಮ್ಮದೇ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದದ್ದು. ಆ ಕಾಡಿನ ಹೆಸರು ಇವತ್ತು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಇದೆ. ರಕ್ತ ಹೀರುವ ಸಣ್ಣ ಹುಳ ಉಣುಗು ಕಚ್ಚಿದರೆ ಬರುತ್ತದೆ. ಚಳಿಗಾಲದಲ್ಲಿ ಶುರುವಾಗಿ ಬೇಸಿಗೆ ಮುಗಿಯುವವರೆಗೂ ಕಾಡುತ್ತದೆ. ಇದಕ್ಕೆಂದೇ ಮದ್ದಿಲ್ಲ. ಹಾಕುತ್ತಿದ್ದ ಹಳೇ ಲಸಿಕೆಯೂ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು 2022ರಲ್ಲಿ ನಿಂತುಹೋಯಿತು. ಮಾತಾಡಲು ಬೇಕಾದಷ್ಟಿದೆ. ಸಂಕಿರಣದ ಶೀರ್ಷಿಕೆಯಲ್ಲಿ ದೇಹ, ಕಾಡು, ಕಥನ, ಬಹುಶಿಸ್ತೀಯ, ಎರಡು ಚುಕ್ಕೆ, ಒಂದು ಅಡ್ಡಗೆರೆ ಎಲ್ಲ ಇದ್ದವು. ಉಣುಗು ಒಂದು ಇರಲಿಲ್ಲ.

ಹತ್ತು ಗಂಟೆ ಎಂದಿದ್ದರು. ಹತ್ತಕ್ಕೇ ಬಂದವರು ಮೈಕಿನವನು ಮತ್ತು ನಾನು. ಹನ್ನೊಂದೂ ಕಾಲಿಗೆ ವೇದಿಕೆ ತುಂಬಿತು. ಕುರ್ಚಿ ಸಾಲದೆ ಕೆಳಗಿನ ಮುಂದಿನ ಸಾಲಿನಿಂದ ಎರಡು ಎತ್ತಿಕೊಂಡು ಹೋದರು. ಅಲ್ಲಿ ಕೂತಿದ್ದ ಎಂಎ ಹುಡುಗಿಯರು ಗೋಡೆಗೆ ಒರಗಿ ನಿಂತರು. ಅವರು ಬಂದದ್ದು ಆಂತರಿಕ ಅಂಕಕ್ಕೆ. ಬೇರೆ ಊರಿನ ಮೇಷ್ಟ್ರುಗಳು ಬಂದದ್ದು ರಜೆ ಕಳೆಯದ, ಡ್ಯೂಟಿ ಲೆಕ್ಕದ ಓಓಡಿಯ ಮೇಲೆ. ಸ್ವಂತ ಕುತೂಹಲದ ಮೇಲೆ ಬಂದವರು ಯಾರಾದರೂ ಇದ್ದಾರೆಯೇ ಎಂದು ಕತ್ತು ಹೊರಳಿಸಿ ನೋಡಿದೆ. ಅವರ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ನಾಡಗೀತೆ. ಇದನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕೆಂದು ಸರ್ಕಾರ 2022ರಲ್ಲಿ ಆದೇಶ ಮಾಡಿದೆ. ಆಲಾಪ ಇಲ್ಲ, ಪುನರಾವರ್ತನೆ ಇಲ್ಲ. ಹುಡುಗಿಯರು ಅಷ್ಟರಲ್ಲೇ ಮುಗಿಸಿದರು. ಅವತ್ತು ಹೊತ್ತಿಗೆ ಸರಿಯಾಗಿ ಮುಗಿದದ್ದು ಅದೊಂದೇ. ಕುವೆಂಪು ಅವರಿಗೆ ಹಾಕಿದ ಈ ಕಟ್ಟಳೆಯನ್ನು ವಿಭಾಗದ ಮುಖ್ಯಸ್ಥರಿಗೂ ಹಾಕಬೇಕು ಎಂದು ಸರ್ಕಾರಕ್ಕೆ ಏಕೆ ಹೊಳೆಯಲಿಲ್ಲವೋ. ಆಲಾಪ, ಪುನರಾವರ್ತನೆ ಜಾಸ್ತಿ ಇರುವುದು ಅಲ್ಲಿಯೇ.

ಆಶಯ ಭಾಷಣಕ್ಕೆ ಬೆಂಗಳೂರಿನಿಂದ ಒಬ್ಬರು ಬಂದಿದ್ದರು. 'ಎರಡೇ ಮಾತು ಹೇಳಿ ಮುಗಿಸ್ತೇನೆ' ಎಂದು ಶುರು ಮಾಡಿದರು. ಆಗಲೇ ಮೊದಲ ಬಾರಿಗೆ ನನಗೆ ಹೆದರಿಕೆಯಾಯಿತು. ನಮ್ಮ ಜಿಲ್ಲೆಗೆ ಬಂದ ಯಾವ ಭಾಷಣಕಾರರೂ ನೇರವಾಗಿ ವಿಷಯಕ್ಕೆ ಬರುವಂತಿಲ್ಲ. ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕ, ಕೆಳದಿ ಅರಸರು, 1951ರ ಕಾಗೋಡು ಸತ್ಯಾಗ್ರಹ, ಶಾಂತವೇರಿ ಗೋಪಾಲಗೌಡರು, ಎರಡು ಜ್ಞಾನಪೀಠ, ಇಷ್ಟು ಟೋಲ್‌ಗೇಟುಗಳನ್ನು ದಾಟಿಯೇ ಬರಬೇಕು. ಇವರು ಎಲ್ಲ ದಾಟಿ, 'ಕುವೆಂಪು ಹುಟ್ಟಿದ ಈ ಜಿಲ್ಲೆಯ ಮಣ್ಣಿಗೆ...' ಎಂದರು. ಕೂಡಲೇ ಮೂರನೇ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. 'ಸ್ವಾಮಿ, ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅದು ಚಿಕ್ಕಮಗಳೂರು ಜಿಲ್ಲೆ. ಕುಪ್ಪಳಿಯಲ್ಲಿ ಬೆಳೆದದ್ದು ಹೌದು.' ಅವರು ಹೇಳಿದ್ದು ಸರಿಯೇ. ಆದರೆ ಕುಪ್ಪಳಿ ಪರವಾಗಿ ಇಬ್ಬರು ಎದ್ದರು, ಕೊಪ್ಪದವರಿಗೆ ಬೆಂಬಲವಾಗಿ ಇನ್ನೊಬ್ಬರು. ಇಡೀ ದಿನದಲ್ಲಿ ನಿಜವಾದ ಚರ್ಚೆ ಎಂದು ನಡೆದದ್ದು ಇದೊಂದೇ ಎಂದು ಕಾಣುತ್ತದೆ. ಸಭೆ ಎಷ್ಟು ಲವಲವಿಕೆಯಿಂದ ಇತ್ತು ಎಂದರೆ ಗೋಡೆಗೆ ಒರಗಿದ್ದ ಹುಡುಗಿಯರೂ ಫೋನ್ ಕೆಳಗಿಳಿಸಿದ್ದರು.

ಆಮೇಲೆ ಸನ್ಮಾನ. ಶಾಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗಿಳಿಯುವ ಸೀಮೆಯಲ್ಲಿ ಈ ಜರಿಯಂಚಿನ ಶಾಲು ಚಳಿಗೂ ಅಲ್ಲ, ಮಳೆಗೂ ಅಲ್ಲ. ಹಾಗಾಗಿ ಯಾರೂ ಅದನ್ನು ಇಟ್ಟುಕೊಳ್ಳುವುದಿಲ್ಲ. ಇಸ್ತ್ರಿ ಮಾಡಿಸಿ ಮುಂದಿನವರಿಗೆ ಹೊದಿಸುತ್ತಾರೆ. ನನ್ನ ಪಕ್ಕ ಕೂತಿದ್ದ ನಿವೃತ್ತ ಪ್ರಾಧ್ಯಾಪಕರು ವೇದಿಕೆಯ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. 'ಅಂಚಿನ ಹತ್ರ ಕಾಫಿ ಕಲೆ ಕಾಣ್ತಾ ಇದೆಯಲ್ಲ, ಅದು ನನ್ನ ಶಾಲು. ಸಾಗರದಲ್ಲಿ ಹೊದಿಸಿದ್ದರು, ನಾನು ಭದ್ರಾವತಿಯಲ್ಲಿ ಕೊಟ್ಟೆ' ಎಂದರು. ದನಿಯಲ್ಲಿ ಬೇಸರ ಇರಲಿಲ್ಲ. ಮಗ ಒಳ್ಳೆ ಕಡೆ ಸೇರಿಕೊಂಡ ಎನ್ನುವ ಸಮಾಧಾನ ಇತ್ತು.

ಸಂವಾದ ಗೋಷ್ಠಿ ಶುರುವಾಗುವ ಹೊತ್ತಿಗೆ ಹಿಂದಿನಿಂದ ಪಲಾವಿನ ವಾಸನೆ ಬರುತ್ತಿತ್ತು. ಮೂವರು ವಿದ್ವಾಂಸರು, ಒಬ್ಬ ಸಮನ್ವಯಕಾರರು. ವಿದ್ವಾಂಸರಿಗೆ ತಲಾ ಹದಿನೈದು ನಿಮಿಷ. ಅವರನ್ನು ಪರಿಚಯಿಸಲು ಸಮನ್ವಯಕಾರರಿಗೆ ಅರ್ಧ ಗಂಟೆ. ಮೊದಲನೆಯವರು ಮಂಗ ಒಂದು ರೂಪಕ ಎಂದರು. ಎರಡನೆಯವರು ಅದನ್ನು ಒಪ್ಪುತ್ತಲೇ ವಿಸ್ತರಿಸುತ್ತೇನೆ ಎಂದು ತಮ್ಮ ಪಿಎಚ್‌ಡಿ ಓದಿದರು. ಮೂರನೆಯವರು, 'ನಾನು ಹೇಳಬೇಕೆಂದಿದ್ದನ್ನೆಲ್ಲ ಹಿಂದಿನವರು ಹೇಳಿದ್ದಾರೆ' ಎಂದು ಇಪ್ಪತ್ತೈದು ನಿಮಿಷ ಮಾತಾಡಿದರು.

ಈಗ ಆ ಕುತೂಹಲದ ಮೇಲೆ ಬಂದವರ ಕಥೆ. ಆಹ್ವಾನ ಪತ್ರಿಕೆಯಲ್ಲಿ 'ಸಮುದಾಯದ ಸಹಭಾಗಿತ್ವ' ಎಂದು ಅಚ್ಚಾಗಿತ್ತು. ಆ ಸಹಭಾಗಿತ್ವ ಕೊನೆಯ ಸಾಲಿನಲ್ಲಿ ಕೂತಿತ್ತು: ಸೊರಬ ಕಡೆಯ ನಾಲ್ಕು ಹೆಂಗಸರು. ಬೆಳಗಿನ ಮೊದಲ ಬಸ್ಸಿಗೆ ಬಂದವರು. ಅವರಲ್ಲಿ ಒಬ್ಬರು ಮೊದಲಿನಿಂದಲೂ ಕೈ ಎತ್ತುತ್ತಿದ್ದರು. ಮೈಕು ಕೊನೆಗೂ ಅವರ ಕೈಗೆ ಹೋಯಿತು. ಅವರು ಕೇಳಿದ್ದು ದರಗಿನ, ಅಂದರೆ ಕಾಡಿನಲ್ಲಿ ಉದುರಿದ ಒಣ ಎಲೆಯ ಬಗ್ಗೆ.

'ಸಾರ್, ಮಂಗ ಸತ್ತ ಜಾಗದ ದರಗು ತರಬ್ಯಾಡಿ ಅಂತ ಆರೋಗ್ಯ ಇಲಾಖೆಯೋರು ಹೇಳ್ತಾರೆ. ಕಾಡಿಗೇ ಹೋಗಬ್ಯಾಡಿ ಅಂತಾರೆ. ದರಗು ತರದಿದ್ರೆ ಕೊಟ್ಟಿಗೆಗೆ ಏನು ಹಾಕಾದು? ಗೊಬ್ಬರ ಎಲ್ಲಿಂದ ತರಾದು?'

ಸಭೆ ಒಂದು ಕ್ಷಣ ಸುಮ್ಮನಾಯಿತು. ಮೂವರು ವಿದ್ವಾಂಸರೂ ಒಬ್ಬರ ಮುಖ ಒಬ್ಬರು ನೋಡಿದರು. ಇದಕ್ಕೆ ಉತ್ತರ ಹೇಳಬೇಕಾದರೆ ಕಾಡು, ದನ, ಗೊಬ್ಬರ, ಕೂಲಿ, ಸರ್ಕಾರ ಇಷ್ಟನ್ನೂ ಒಟ್ಟಿಗೆ ತಿಳಿದಿರಬೇಕು. ಅದನ್ನೇ ಅಲ್ವಾ ಬಹುಶಿಸ್ತೀಯ ಎನ್ನುವುದು? ಸಮನ್ವಯಕಾರರು ಮುಗುಳ್ನಕ್ಕರು. 'ಬಹಳ ಒಳ್ಳೆಯ ಪ್ರಶ್ನೆ. ಸಮಯದ ಅಭಾವ ಇರುವುದರಿಂದ ಊಟದ ಹೊತ್ತಿಗೆ ವಿದ್ವಾಂಸರನ್ನೇ ಕೇಳಬಹುದು.' ನಂತರ ಮೈಕು ಒಬ್ಬ ಸ್ಥಳೀಯ ಕವಿಗಳ ಕೈಗೆ ಹೋಯಿತು. ಅವರಿಗೆ ಪ್ರಶ್ನೆ ಇರಲಿಲ್ಲ, ಮಂಗನ ಮೇಲೆ ಒಂದು ಕವನ ಇತ್ತು. ಅದಕ್ಕೆ ಸಮಯದ ಅಭಾವ ಆಗಲಿಲ್ಲ.

ಊಟದ ಹೊತ್ತಿಗೆ ವಿದ್ವಾಂಸರು ಬೇರೆ ಕೋಣೆಯಲ್ಲಿದ್ದರು. ಬಾಗಿಲಲ್ಲಿ ಒಬ್ಬ ಹುಡುಗ ನಿಂತು, 'ಇದು ಸಂಪನ್ಮೂಲ ವ್ಯಕ್ತಿಗಳಿಗೆ ಮಾತ್ರ' ಎನ್ನುತ್ತಿದ್ದ. ಆ ಹೆಂಗಸು ತಟ್ಟೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಆದರೆ ಕಾರ್ಯಕ್ರಮ ನಡೆಯಿತು ಎನ್ನುವುದಕ್ಕೆ ಪುರಾವೆ ಬೇಕಾದಷ್ಟಿದೆ. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿಗೆ ತೋರಿಸಲು ಜಿಯೋಟ್ಯಾಗ್ ಇರುವ ಫೋಟೊ ತೆಗೆದರು. ಅದರಲ್ಲಿ ಅಕ್ಷಾಂಶ, ರೇಖಾಂಶ, ದಿನ, ಗಂಟೆ ಎಲ್ಲ ಇದೆ. ಆ ಸಭಾಂಗಣ ಭೂಮಿಯ ಮೇಲೆ ಎಲ್ಲಿದೆ ಎಂದು ಇನ್ನು ಯಾರಿಗೂ ಅನುಮಾನ ಬರಬಾರದು. ಒಳಗೆ ಏನು ನಡೆಯಿತು ಎಂದು ಆ ತಂತ್ರಾಂಶ ಕೇಳುವುದಿಲ್ಲ. ಅಭಿಪ್ರಾಯದ ಹಾಳೆ ಬೆಳಿಗ್ಗೆ ನೋಂದಣಿ ಮಾಡುವಾಗಲೇ ತುಂಬಿಸಿಕೊಂಡಿದ್ದರು. 'ಗೋಷ್ಠಿಯ ಗುಣಮಟ್ಟ ಹೇಗಿತ್ತು?' ಎಂಬ ಸಾಲಿಗೆ ನಾನು ಕಾಫಿ ಕುಡಿಯುವ ಮೊದಲೇ 'ಅತ್ಯುತ್ತಮ' ಎಂದು ಗುರುತು ಹಾಕಿ ಕೊಟ್ಟಿದ್ದೆ. ಪ್ರಮಾಣಪತ್ರ ಮಾತ್ರ ಕೊನೆಗೇ ಕೊಡುತ್ತಾರೆ. ಅಷ್ಟು ಜಾಣತನ ಸಂಘಟಕರಿಗೆ ಇದೆ. ಮಧ್ಯಾಹ್ನದ ಗೋಷ್ಠಿಗೆ ಜನ ಉಳಿದದ್ದೇ ಅದರಿಂದ.

ಮೊನ್ನೆ ವಾಟ್ಸ್‌ಆ್ಯಪಿನಲ್ಲಿ ಅದೇ ಸಂಘಟಕರ ಮುಂದಿನ ಸಂಕಿರಣದ ಪ್ರಕಟಣೆ ಬಂತು. ಆ ಹೆಂಗಸಿನ ಮಾತು ವ್ಯರ್ಥವಾಗಿಲ್ಲ. ಈ ಸಲದ ವಿಷಯ ದರಗು. ಶೀರ್ಷಿಕೆಯಲ್ಲಿ ಮಹಿಳೆ, ಶ್ರಮ, ಪರಿಸರ, ಸಂಕಥನ ಎಲ್ಲ ಇವೆ. ಎರಡು ಚುಕ್ಕೆಯೂ ಇದೆ. ಆರು ಜನ ವಿದ್ವಾಂಸರ ಫೋಟೊ ಇದೆ. ಸಂವಾದಕ್ಕೂ ಅವಕಾಶ ಇದೆ, ಊಟಕ್ಕೆ ಸ್ವಲ್ಪ ಮೊದಲು. ಸಾರ್ವಜನಿಕರೂ ಶುಲ್ಕ ಕಟ್ಟಿ ನೋಂದಾಯಿಸಿಕೊಳ್ಳಬಹುದಂತೆ. ದಿನಾಂಕ ಫೆಬ್ರವರಿಯಲ್ಲಿ. ಅವತ್ತು ಆ ನಾಲ್ವರು ಬರುವುದು ಕಷ್ಟ. ಕಾಡಿನಲ್ಲಿ ದರಗು ಗುಡಿಸುತ್ತಿರುತ್ತಾರೆ.